ಕಲೆಗೆ ಸಿಮೆಂಟು ಮೆತ್ತುವ ಮುನ್ನ

ಮೈಸೂರಿನ ಅಗ್ರಹಾರ, ಲಕ್ಷ್ಮೀಪುರಂ, ಚಾಮರಾಜಪುರಂಗಳ ಹಳೆಯ ಹಂಚಿನ ಮನೆಗಳಲ್ಲಿ ಮಳೆಗಾಲದ ದೂರೊಂದುಂಟು: ಅಡುಗೆಮನೆಯ ಹೊಗೆಗೂಡಿನ ಸುತ್ತ ಗೋಡೆ ತೇವಗೊಂಡು ಕಂದು ಕಲೆ ಇಳಿಯುತ್ತದೆ. ಮನೆಯವರು ಗಾರೆಯವರನ್ನು ಕರೆಸಿ ಸಿಮೆಂಟು ಮೆತ್ತಿಸಿ ಬಣ್ಣ ಹೊಡೆಸುತ್ತಾರೆ. ಮರುವರ್ಷ ಕಲೆ ಮತ್ತೆ ಮೂಡುತ್ತದೆ. ಕೊನೆಗೆ ‘ಹಳೆಯ ಮನೆಯ ಹಣೆಬರಹವೇ ಇಷ್ಟು’ ಎಂದು ಮನೆಯನ್ನೇ ಕೆಡವುವ ಮಾತು ಬರುತ್ತದೆ. ರೋಗವನ್ನು ಗುರುತಿಸದೆ ರೋಗಿಗೆ ಮರಣಶಾಸನ ಬರೆಯುವ ಈ ಕ್ರಮ ಮಲೆನಾಡಿಗೂ ಹೊಸದಲ್ಲ.

ಅಜ್ಜಿಯ ಕಾಲದಲ್ಲಿ ಸೋರದ ಹೊಗೆಗೂಡು ಈಗೇಕೆ ಸೋರುತ್ತದೆ? ಆಗಲೂ ಅದರೊಳಗೆ ಹನಿ ಬೀಳುತ್ತಿತ್ತು. ಆದರೆ ಒಲೆಯ ಬಿಸಿ ಅದನ್ನು ದಿನವೂ ಒಣಗಿಸುತ್ತಿತ್ತು. ಸೌದೆಯ ಜಾಗಕ್ಕೆ ಗ್ಯಾಸ್ ಬಂದ ಮೇಲೆ ಕಣ್ಣುರಿ, ಕೆಮ್ಮು ತಗ್ಗಿದ್ದು ನಿಜ. ಆದರೆ ಹೊಗೆಗೂಡು ತಣ್ಣಗಾಯಿತು. ಒಳಬಂದ ನೀರು ಇಟ್ಟಿಗೆಯಲ್ಲೇ ಉಳಿಯತೊಡಗಿತು.

ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ, ಕಲೆ ಯಾವಾಗ ಕಾಣಿಸಿಕೊಳ್ಳುತ್ತದೆ ಎಂಬುದು. ಜೋರುಮಳೆಯಾದ ಕೆಲವೇ ಗಂಟೆಗಳಲ್ಲಿ ಮೂಡಿದರೆ ಮಾಡು ಮತ್ತು ಹೊಗೆಗೂಡು ಸೇರುವ ಸಂದು, ಅಲ್ಲಿನ ತಗಡು, ಒಡೆದ ಹಂಚು ಇವುಗಳನ್ನು ನೋಡಬೇಕು. ಮಳೆಯಿಲ್ಲದೆಯೂ ಮೋಡ ಕವಿದ ದಿನ ಗೋಡೆ ಒದ್ದೆಯಾದರೆ, ದಶಕಗಳ ಹೊಗೆಯಿಂದ ಇಟ್ಟಿಗೆಯಲ್ಲಿ ಸೇರಿದ ಲವಣಗಳು ಗಾಳಿಯ ತೇವವನ್ನು ಹೀರುತ್ತಿರಬಹುದು. ಇದಕ್ಕೆ ಹಂಚು ಬದಲಿಸಿ ಫಲವಿಲ್ಲ. ತೇವ ನೆಲದಿಂದ ಮೇಲೇರಿ ಸೊಂಟದೆತ್ತರಕ್ಕೆ ನಿಂತಿದ್ದರೆ ಅದು ಅಡಿಪಾಯದ ನೀರು, ಹೊಗೆಗೂಡು ನಿರಪರಾಧಿ. ಇನ್ನೂ ಅನುಮಾನವಿದ್ದರೆ ಗೋಡೆಗೆ ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕು ಅಂಚಿಗೂ ಅಂಟಿಸಿ ಎರಡು ದಿನ ಬಿಡಬೇಕು. ಹನಿ ಹಾಳೆಯ ಹೊರಮೈಯಲ್ಲಿದ್ದರೆ ಅದು ಅಡುಗೆಯ ಆವಿ. ಒಳಮೈಯಲ್ಲಿದ್ದರೆ ತೇವ ಗೋಡೆಯದೇ.

ಸಿಮೆಂಟಿನ ಲೇಪ ಇಲ್ಲಿ ಮಿತ್ರನಂತೆ ಬರುವ ಶತ್ರು. ಸುಣ್ಣದ ಗಾರೆ ಉಸಿರಾಡುತ್ತದೆ. ಹೀರಿದ ನೀರನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಗಡುಸಾದ ಸಿಮೆಂಟು ಕೂದಲೆಳೆಯ ಬಿರುಕಿನಲ್ಲಿ ನೀರನ್ನು ಒಳಬಿಟ್ಟು ಹೊರಹೋಗುವ ದಾರಿಯನ್ನು ಮುಚ್ಚುತ್ತದೆ. ಹೊಗೆಗೂಡಿನ ಬಾಯಿಗೆ ಪಕ್ಕದಿಂದ ಗಾಳಿಯಾಡುವ ಮುಚ್ಚಳ, ಸಂದಿಗೆ ಹೊಸ ತಗಡು, ಸುಣ್ಣದ ಗಾರೆ, ಬೇರೂರುವ ಮೊದಲೇ ಕಿತ್ತ ಅರಳಿಯ ಸಸಿ: ಬಹುಪಾಲು ಮನೆಗಳಿಗೆ ಇಷ್ಟು ಸಾಕು. ಹೊಗೆಗೂಡು ವಾಲಿದ್ದರೆ ಮಾತ್ರ ತಡಮಾಡದೆ ಬಲ್ಲವರಿಂದ ಇಳಿಸಬೇಕು.

ಅಲಕ್ಷ್ಯದ ಬೆಲೆ ಏನೆಂದು ಮೈಸೂರಿಗೆ ಗೊತ್ತಿದೆ. 2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ್ವಾರದ ಭಾಗ ಬಿತ್ತು. 2022ರ ಅಕ್ಟೋಬರ್ ಮಳೆಯಲ್ಲಿ ಅರಮನೆಯ ಕೋಟೆಗೋಡೆಯ ಒಂದು ಭಾಗ ಉರುಳಿತು. ಮೊದಲೆರಡು ಸಲ ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬ ವಾದವೆದ್ದಿತು. ಆದರೆ ವರ್ಷವರ್ಷವೂ ಮಾಡು ಹತ್ತಿ ನೋಡುವವರು ಯಾರು ಎಂಬ ಪ್ರಶ್ನೆ ಆ ಗದ್ದಲದಲ್ಲಿ ಹಿಂದೆ ಸರಿಯಿತು.

ನಗರದ ಮನೆಯ ಕಲೆಗೂ ಬೆಟ್ಟದೂರಿಗೂ ಏನು ಸಂಬಂಧ ಎನ್ನುವವರಿಗೆ ಉತ್ತರ ಸರಳ. ಕೆಡವಿದ ಪ್ರತಿ ಮನೆಯ ಜಾಗದಲ್ಲಿ ಏಳುವ ಕಟ್ಟಡಕ್ಕೆ ಮರಳು ಹೊಳೆಯಿಂದ, ಜಲ್ಲಿ ಗುಡ್ಡದಿಂದ ಬರಬೇಕು. ಜಗತ್ತಿನ ಇಂಗಾಲದ ಡೈ ಆಕ್ಸೈಡಿನಲ್ಲಿ ಸುಮಾರು ಶೇ. 7ರಷ್ಟು ಸಿಮೆಂಟು ತಯಾರಿಕೆಯದು. ಉಳಿಸಿಕೊಂಡ ಒಂದು ಗೋಡೆಯೆಂದರೆ ಅಷ್ಟರಮಟ್ಟಿಗೆ ಉಳಿದ ಒಂದು ಗುಡ್ಡ.

ವಿದ್ಯಾರ್ಥಿಗಳು ಈ ಮಳೆಗಾಲದಲ್ಲಿ ತಮ್ಮ ಮನೆಯ ಒಂದು ಕಲೆಯನ್ನು ಆರಿಸಿ, ಅದರ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು, ಮಳೆ ಬಂದ ದಿನವನ್ನೂ ಕಲೆ ಹಬ್ಬಿದ ದಿನವನ್ನೂ ಬರೆದಿಡಲಿ. ಗಾರೆಯವರು ಬರುವ ಹೊತ್ತಿಗೆ ಆ ಪುಟವೊಂದು ಕೈಯಲ್ಲಿದ್ದರೆ, ಏನು ಮಾಡಬೇಕೆಂಬುದನ್ನು ಮನೆಯವರೇ ಹೇಳಬಲ್ಲರು.