ಒಳಚರಂಡಿ ಕಾರ್ಮಿಕರ ಕೌಶಲಾಭಿವೃದ್ಧಿ

ಒಳಚರಂಡಿ ಕಾರ್ಮಿಕರ ಕೌಶಲಾಭಿವೃದ್ಧಿ ಎಂದರೆ ಒಳಚರಂಡಿ ಹಾಗೂ ಮಲಗುಂಡಿಗಳನ್ನು ಶುಚಿಗೊಳಿಸುವವರಿಗೆ ಯಂತ್ರಗಳ ಬಳಕೆಯನ್ನೂ ಸುರಕ್ಷತಾ ಕ್ರಮಗಳನ್ನೂ ಕಲಿಸುವ ಕಾರ್ಯ. ಭಾರತದಲ್ಲಿ ಇದು ಉದ್ಯೋಗ ತರಬೇತಿಯಷ್ಟೇ ಅಲ್ಲದೆ ಜೀವರಕ್ಷಣೆಯ ಪ್ರಶ್ನೆಯೂ ಆಗಿದೆ.

ಹಿನ್ನೆಲೆ

ಮುಚ್ಚಿದ ಗುಂಡಿಗಳಲ್ಲಿ ತ್ಯಾಜ್ಯ ಕೊಳೆತು ಹೈಡ್ರೋಜನ್ ಸಲ್ಫೈಡ್, ಮೀಥೇನ್ ಮುಂತಾದ ಅನಿಲಗಳು ಉತ್ಪತ್ತಿಯಾಗುತ್ತವೆ. ಹೈಡ್ರೋಜನ್ ಸಲ್ಫೈಡ್ ಪ್ರಮಾಣ ಹೆಚ್ಚಾದಾಗ ಘ್ರಾಣಶಕ್ತಿಯೇ ಕುಂದುವುದರಿಂದ ಅನುಭವಿ ಕಾರ್ಮಿಕನಿಗೂ ಅಪಾಯದ ಅರಿವಾಗದು. ಅವನನ್ನು ಎತ್ತಲು ಇಳಿದವರೂ ಸಾಯುವುದುಂಟು. ರಕ್ಷಣಾ ಸಾಧನಗಳಿಲ್ಲದೆ ಕಾರ್ಮಿಕರಿಂದ ಇಂತಹ ಅಪಾಯಕಾರಿ ಶುಚಿಕಾರ್ಯ ಮಾಡಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. 2023ರ ಅಕ್ಟೋಬರ್ 20ರಂದು ಸರ್ವೋಚ್ಚ ನ್ಯಾಯಾಲಯವು ಇಂತಹ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು.

ನಮಸ್ತೆ ಯೋಜನೆ

2023ರಲ್ಲಿ ಆರಂಭವಾದ ಕೇಂದ್ರದ ನಮಸ್ತೆ ಯೋಜನೆಯು ಕಾರ್ಮಿಕರನ್ನು ಗುರುತಿಸಿ, ಸುರಕ್ಷತಾ ತರಬೇತಿ, ರಕ್ಷಣಾ ಸಾಧನ, ಆರೋಗ್ಯ ವಿಮೆ ಹಾಗೂ ಯಂತ್ರಖರೀದಿಗೆ ಸಹಾಯಧನ ಒದಗಿಸುತ್ತದೆ. 2024ರಲ್ಲಿ ಚಿಂದಿ ಆಯುವವರನ್ನೂ ಇದಕ್ಕೆ ಸೇರಿಸಲಾಯಿತು.

ವಿಶ್ಲೇಷಣೆ

ತರಬೇತಿಯು ಯಂತ್ರಕ್ಕೆ ಬದಲಿಯಾಗಲಾರದು. ಪ್ರಮಾಣಪತ್ರ ಪಡೆದವನನ್ನೇ ಮತ್ತೆ ಗುಂಡಿಗೆ ಇಳಿಸಿದರೆ ಕಲಿಕೆ ವ್ಯರ್ಥ. ಮನೆಮಾಲೀಕರು ಬಾಯಿಮಾತಿನ ಒಪ್ಪಂದದ ಮೇಲೆ ಕರೆಸುವ ದಿನಗೂಲಿಗಳು ಯಾವ ಪಟ್ಟಿಗೂ ಸೇರದೆ ತರಬೇತಿಯಿಂದ ಹೊರಗುಳಿಯುವ ಸಾಧ್ಯತೆಯಿದೆ. ತಲೆಮಾರುಗಳಿಂದ ಈ ಕೆಲಸವನ್ನು ಕೆಲವು ದಲಿತ ಸಮುದಾಯಗಳ ಮೇಲೆ ಹೊರಿಸಲಾಗಿದೆ. ಯಂತ್ರ ಬಂದ ಮೇಲೆ ಅದರ ಒಡೆತನವೂ ಚಾಲನೆಯೂ ಅನ್ಯರ ಪಾಲಾದರೆ, ಇದುವರೆಗೆ ಪ್ರಾಣವನ್ನು ಪಣವಾಗಿಟ್ಟವರು ಜೀವನೋಪಾಯವನ್ನೇ ಕಳೆದುಕೊಳ್ಳುತ್ತಾರೆ. ಆದ್ದರಿಂದ ಗುಂಡಿಗೆ ಇಳಿಯುತ್ತಿದ್ದವರೇ ಯಂತ್ರದ ಚಾಲಕರೂ ಒಡೆಯರೂ ಆದರೇ ಎಂಬುದು ಯೋಜನೆಯ ಸಾಫಲ್ಯದ ನಿಜವಾದ ಅಳತೆಗೋಲಾಗಿದೆ.