‘ಗ್ರ್ಯಾನಿ’ ಹಳೇದಾತು ಅನ್ನೋರಿಗೆ ಒಂದು ಉತ್ತರ

ಮೊನ್ನೆ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಹಿಂದಿನ ಸೀಟಿನ ಇಬ್ಬರು ಹುಡುಗರ ಮಾತು ಕಿವಿಗೆ ಬಿತ್ತು. ಒಬ್ಬ ಫೋನಿನಲ್ಲಿ ‘ಗ್ರ್ಯಾನಿ’ ಆಡುತ್ತಿದ್ದ. ಇನ್ನೊಬ್ಬ ನಕ್ಕು ಹೇಳಿದ: “ಇನ್ನಾ ಅದನ್ನೇ ಆಡ್ತಿಯೇನಲೇ? ಹಳೇದಾತು ಬಿಡು ಅದು. ಗ್ರಾಫಿಕ್ಸ್ ಏನೈತಿ ಅದ್ರಾಗ? ಹೊಸ ಫೋನ್ ತಗೊ, ಹೊಸ ಗೇಮ್ ಆಡು.” ತೆಕ್ಕಲಕೋಟೆ ಬರುವಷ್ಟರಲ್ಲಿ ಮೊದಲನೆಯವನು ಆಟ ಮುಚ್ಚಿ ಫೋನನ್ನು ಜೇಬಿಗಿಟ್ಟಿದ್ದ. ನಾಚಿಕೆಯಾಯಿತು ಅಂತ ಕಾಣುತ್ತೆ.

ಆ ಹುಡುಗ ನಾಚಿಕೊಳ್ಳಬೇಕಾದ್ದು ಏನೂ ಇರಲಿಲ್ಲ. ಅವನ ಪರವಾಗಿ ಈ ಬರಹ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಗ್ರ್ಯಾನಿ ಬಂದದ್ದು 2017ರ ನವೆಂಬರ್‌ನಲ್ಲಿ, ಆಂಡ್ರಾಯ್ಡ್ ಫೋನಿಗೆ, ಪುಕ್ಕಟೆಯಾಗಿ. ದೊಡ್ಡ ಕಂಪನಿಯ ಆಟ ಅಲ್ಲ. ಡಿವಿಲೋಪರ್ ಎಂಬ ಹೆಸರಿನಲ್ಲಿ ಆಟ ಮಾಡುವ ಒಬ್ಬರ ಕೆಲಸ. ಇಂಥವನ್ನು ಇಂಡೀ ಗೇಮ್ ಅಂತಾರೆ. ಕಣ್ಣು ಬಿಟ್ಟರೆ ನೀವು ಯಾವುದೋ ಮನೆಯ ಕತ್ತಲ ಕೋಣೆಯಲ್ಲಿದ್ದೀರಿ. ಮುಂಬಾಗಿಲಿಗೆ ಬೀಗದ ಮೇಲೆ ಬೀಗ. ಮನೆ ತುಂಬ ಓಡಾಡುವ ಒಬ್ಬ ಮುದುಕಿ, ಅವಳ ಕೈಯಲ್ಲಿ ಬ್ಯಾಟು. ಸುತ್ತಿಗೆ, ಇಕ್ಕಳ, ಬೀಗದಕೈ ಎಲ್ಲಾ ಹುಡುಕಿ ಐದು ದಿನದೊಳಗೆ ಹೊರಬೀಳಬೇಕು. ಅವಳ ಕೈಗೆ ಸಿಕ್ಕರೆ ಒಂದು ದಿನ ಹೋಯಿತು. ಮುಖ್ಯ ನಿಯಮ ಒಂದೇ: ಅವಳಿಗೆ ಎಲ್ಲವೂ ಕೇಳಿಸುತ್ತೆ. ಏನಾದರೂ ಕೆಳಗೆ ಬಿದ್ದರೆ ಓಡಿ ಬರುತ್ತಾಳೆ.

ಜಿಯೋ ಶುರುವಾದದ್ದು 2016ರ ಸೆಪ್ಟೆಂಬರ್‌ನಲ್ಲಿ, ಮರುವರ್ಷವೇ ಗ್ರ್ಯಾನಿ. ನಮ್ಮ ಕಡೆ ಎಷ್ಟೋ ಮನೆಗಳಿಗೆ ಮೊದಲ ಸ್ಮಾರ್ಟ್‌ಫೋನ್ ಬಂದ ಹೊತ್ತು ಅದು. ಕಂಪ್ಯೂಟರ್ ಮುಟ್ಟದ ಹುಡುಗರೂ ಮೊದಲ ಸಲ ಒಂದು ಹಾರರ್ ಗೇಮ್ ಆಡಿ, ಹೆದರಿ, ಗೆದ್ದರು.

ಈಗ ‘ಗ್ರಾಫಿಕ್ಸ್ ಇಲ್ಲ’ ಎಂಬ ದೂರಿಗೆ ಬರೋಣ. ದೂರು ನಿಜ. ಗೋಡೆಗಳು ಬೋಳು, ಮುದುಕಿ ನಡೆಯೋದು ಮರದ ಗೊಂಬೆ ಹಾಗೆ. ಆದರೆ ಬಂದ ದಿನವೂ ಅದು ಹೀಗೇ ಇತ್ತು! ಅದೇ 2017ರ ಜನವರಿಯಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿಯ ‘ರೆಸಿಡೆಂಟ್ ಈವಿಲ್ 7’ ಬಂದಿತ್ತು. ಗೋಡೆಯ ಮೇಲಿನ ತೇವ ಕೂಡ ಕಾಣುವಂಥ ಆಟ. ಅಂದರೆ ಗ್ರ್ಯಾನಿಯನ್ನು ಆಗ ಮೆಚ್ಚಿದವರು ಯಾರೂ ಚೆಂದಕ್ಕಾಗಿ ಮೆಚ್ಚಲಿಲ್ಲ. ಚೆಂದವೇ ಇರದಿದ್ದ ಆಟದ ಚೆಂದ ಮಾಸಿತು ಅಂದರೆ ಏನು ಅರ್ಥ?

ಅದರ ಬಲ ಇರೋದು ಕಿವಿಯಲ್ಲಿ. ಇದು ನನಗೆ ತಿಳಿದದ್ದು ಕುರುಗೋಡಿನಲ್ಲಿ, ನಮ್ಮ ಸೋದರತ್ತೆಯ ಮಾಳಿಗೆ ಮನೆಯಲ್ಲಿ. ನಾವು ಚಿಕ್ಕವರಿದ್ದಾಗ ಬೇಸಿಗೆ ರಜೆಗೆ ಅಲ್ಲಿಗೆ ಹೋಗುತ್ತಿದ್ದೆವು. ಮಧ್ಯಾಹ್ನ ಪಡಸಾಲೆಯಲ್ಲಿ ಅತ್ತೆಯ ಅತ್ತೆ ಮಲಗಿರೋರು. ಅಡುಗೆಮನೆಯಲ್ಲಿ ಎತ್ತರಕ್ಕೆ ಶೇಂಗಾ ಉಂಡೆಯ ಡಬ್ಬಿ. ಯಾವ ಬಾಗಿಲು ಕಿರ್ ಅನ್ನುತ್ತೆ, ಯಾವ ತಟ್ಟೆ ಯಾವುದಕ್ಕೆ ತಾಗುತ್ತೆ ಎಲ್ಲಾ ನಮಗೆ ಬಾಯಿಪಾಠ. ಒಂದು ಮುಚ್ಚಳ ಜಾರಿದರೆ ಸಾಕು, “ಯಾರಲೇ ಅದು?” ಅಂತ ಪಡಸಾಲೆಯಿಂದ ದನಿ. ಎದೆ ಬಾಯಿಗೆ ಬರೋದು. ಗ್ರ್ಯಾನಿ ಆ ಮಧ್ಯಾಹ್ನದ ಆಟವೇ. ಅದಕ್ಕೇ ಅದು ಎಲ್ಲೋ ಹೊರದೇಶದ ಮನೆಯಾದರೂ ನಮ್ಮ ಮನೆ ಅನ್ನಿಸಿದ್ದು.

ಹೋದ ಚಳಿಗಾಲ ಅದೇ ಮನೆಯಲ್ಲಿ ಕರೆಂಟ್ ಹೋಯಿತು. ಒಂದು ಹಳೇ ಫೋನಿನ ಸುತ್ತ ಆರು ಮಕ್ಕಳು ಕೂತಿದ್ದರು. ಅತ್ತೆಯ ಮೊಮ್ಮಗಳು ಆಡುತ್ತಿದ್ದಳು. ಹೂದಾನಿ ಕೈಜಾರಿ ಬಿತ್ತು. ಆರೂ ಮಂದಿ ಉಸಿರು ಹಿಡಿದರು. ಅಷ್ಟರಲ್ಲಿ ಒಳಗಿಂದ ಅತ್ತೆ “ಊಟಕ್ಕೆ ಬರ್ರಿ” ಅಂದರು ನೋಡಿ, ಇಬ್ಬರು ಚೀರಿಯೇಬಿಟ್ಟರು. ಆ ಮಕ್ಕಳಲ್ಲಿ ಯಾರೂ ಗ್ರಾಫಿಕ್ಸ್ ಬಗ್ಗೆ ಕೇಳಲಿಲ್ಲ.

ಆಟದಲ್ಲಿ ಹೆದರಿಕೆಯ ಜೊತೆಗೆ ಲೆಕ್ಕವೂ ಇದೆ. ಮುದುಕಿಗೆ ಕೇಳಿಸುತ್ತೆ ತಾನೇ? ಹಾಗಾದರೆ ಈ ಕೋಣೆಯಲ್ಲಿ ಏನನ್ನಾದರೂ ಬೀಳಿಸಿ ಅವಳನ್ನು ಇತ್ತ ಕರೆದು, ನೀವು ಅತ್ತ ಓಡಬಹುದು. ನಿಮ್ಮನ್ನು ಹೆದರಿಸುವ ಸದ್ದೇ ನಿಮ್ಮ ಆಯುಧ. ಒಳ್ಳೆಯ ಆಟ ಅಂದರೆ ಇದು.

ಕಡಿಮೆ ಸಾಮಾನಿನಲ್ಲಿ ಹೆಚ್ಚು ಹೆದರಿಸಿದ ಆಟ ಇದೊಂದೇ ಅಲ್ಲ. 2014ರಲ್ಲಿ ಅಮೆರಿಕದ ಸ್ಕಾಟ್ ಕಾಥನ್ ಎಂಬ ಒಬ್ಬರೇ ಮಾಡಿದ ‘ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್’ನಲ್ಲಿ ನೀವು ಕುರ್ಚಿ ಬಿಟ್ಟು ಏಳುವುದೇ ಇಲ್ಲ, ಕ್ಯಾಮೆರಾ ನೋಡುವುದು, ಬಾಗಿಲು ಹಾಕುವುದು, ಅಷ್ಟೇ. ಅಷ್ಟು ದೂರ ಯಾಕೆ? 2023ರಲ್ಲಿ ತೀರಿಕೊಂಡ ನಮ್ಮ ಬಳ್ಳಾರಿಯ ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆ ಆಟ ನೋಡಿದವರನ್ನು ಕೇಳಿ. ಒಂದು ಬಿಳಿ ಪರದೆ, ಹಿಂದೆ ಬೆಳಕು, ಬಣ್ಣ ಬಳಿದ ಚರ್ಮದ ಗೊಂಬೆ, ಒಂದು ದನಿ. ಗೊಂಬೆಗೆ ಗ್ರಾಫಿಕ್ಸ್ ಸಾಲದು ಅಂತ ಯಾರಾದರೂ ಎದ್ದು ಹೋಗಿದ್ದರೇ?

ಹಾಗಾದರೆ ‘ಹಳೇದಾತು’ ಅನ್ನೋ ಮಾತು ಎಲ್ಲಿಂದ ಬಂತು? ಬಸ್ಸಿನ ಹುಡುಗನ ಮಾತನ್ನು ಇನ್ನೊಮ್ಮೆ ಓದಿ. ‘ಹಳೇದಾತು’ ಆದಮೇಲೆ ಬಂದದ್ದು ‘ಹೊಸ ಫೋನ್ ತಗೊ’. ಇದು ಆಟ ಆಡಿದವರ ತೀರ್ಪಲ್ಲ, ಫೋನ್ ಮಾರುವವರ ತೀರ್ಪು.

ಸಿರುಗುಪ್ಪದ ನನ್ನ ಚಿಕ್ಕಪ್ಪನ ಮಗ ಹೋದ ವರ್ಷ ಬಳ್ಳಾರಿಯ ಒಂದು ಅಂಗಡಿಯಿಂದ ‘ಗೇಮಿಂಗ್ ಫೋನ್’ ತಂದ, ಕಂತಿನ ಮೇಲೆ. ಅವನ ಹಳೇ ಫೋನು ಚೆನ್ನಾಗಿಯೇ ಇತ್ತು, ಆದರೆ ‘ಇದರಾಗ ಯಾವ ಗೇಮೂ ಓಡಲ್ಲ’ ಅಂತ ಅಂಗಡಿಯಲ್ಲಿ ಹೇಳಿದ್ದರು. ಓಡುತ್ತಿದ್ದ ಗ್ರ್ಯಾನಿ ಆ ಲೆಕ್ಕಕ್ಕೇ ಬರಲಿಲ್ಲ. ಈಗ ಭತ್ತದ ದುಡ್ಡು ಬರುವುದು ಬೆಳೆ ಮಾರಿದಾಗ, ಕಂತಿನ ತಾರೀಕು ಬರುವುದು ತಿಂಗಳು ತಿಂಗಳು. ಎರಡು ಕಂತು ತಪ್ಪಿದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಸದ್ದು ಅಡಗಿಸಿ ಒಳಗಿನ ಕೋಣೆಗೆ ಹೋಗಿ ಕೂರುತ್ತಾನೆ. ಹೆದರಿಕೆ ಬೇಕು ಅಂತ ಫೋನ್ ತಂದವನಿಗೆ ಹೆದರಿಕೆಯೇನೋ ಸಿಕ್ಕಿದೆ.

ನಮ್ಮ ಕೈಯಲ್ಲಿರುವ ಫೋನು, ನಮ್ಮ ಕೈಗೆಟುಕುವ ಆಟ ಯಾವತ್ತೂ ‘ಹಳೇದು’, ದುಡ್ಡು ಕೊಟ್ಟರೆ ಸಿಗುವುದು ಮಾತ್ರ ‘ಹೊಸದು’. ಈ ಮಾತನ್ನು ನಾವೇ ಒಬ್ಬರಿಗೊಬ್ಬರು ಹೇಳಿಕೊಂಡು ನಾಚಿಕೊಳ್ಳುತ್ತಿದ್ದೇವೆ. ನನ್ನ ಜಗಳ ಇರೋದು ಇದರ ಜೊತೆ.

ಗ್ರ್ಯಾನಿಯಲ್ಲಿ ಕುಂದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಜಾಹೀರಾತು ಆಟದ ಬಿಸಿ ಕೆಡಿಸುತ್ತೆ. ಡೇಟಾ ಆಫ್ ಮಾಡಿ ಆಡುವುದು ಮೇಲು. 2019ರ ಎರಡನೇ ಭಾಗದಲ್ಲಿ ಕಿವಿ ಮಂದವಾದ ತಾತನೂ ಬಂದ, 2021ರಲ್ಲಿ ಮೂರನೇ ಭಾಗವೂ ಬಂತು. ಸಾಮಾನು ಹೆಚ್ಚಾಯಿತು, ಹೆದರಿಕೆ ಹೆಚ್ಚಾಗಲಿಲ್ಲ. ಒಂಟಿ ಮುದುಕಿ ಅಂದರೆ ದೆವ್ವ ಅನ್ನೋ ಕಲ್ಪನೆಯೂ ನನಗೆ ಹಿಡಿಸೋದಿಲ್ಲ. ಅಂಥ ಮಾತಿನಿಂದ ನೊಂದ ಅಜ್ಜಿಯರು ನಮ್ಮ ಊರುಗಳಲ್ಲೇ ಇದ್ದಾರೆ, ಮಕ್ಕಳಿಗೆ ಅದನ್ನು ಹೇಳಬೇಕು. ಇನ್ನು, ಯಾವ ಸಾಮಾನು ಎಲ್ಲಿದೆ ಅಂತ ವಿಡಿಯೋದಲ್ಲಿ ಪೂರ್ತಿ ನೋಡಿಕೊಂಡು ಕೂತರೆ ಯಾವ ಆಟವೂ ಹೆದರಿಸೋದಿಲ್ಲ. ಆದರೆ ಅದು ನೋಡಿದವರ ತಪ್ಪು, ಆಟದ ತಪ್ಪಲ್ಲ. ಸಾಮಾನುಗಳ ಜಾಗ ಪ್ರತಿ ಸಲ ಅದೇ ಇರೋದಿಲ್ಲ ಅನ್ನೋದೂ ನೆನಪಿರಲಿ.

ಕೊನೆಗೆ ಹಿರಿಯರಿಗೆ ಒಂದು ಮಾತು. ‘ಗೇಮ್ ಅಂದ್ರೆ ಎಲ್ಲಾ ಒಂದೇ, ಮನೆಹಾಳು’ ಅಂತೀರಿ. ಎಲ್ಲಾ ಒಂದೇ ಅಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, ದುಡ್ಡು ಕಟ್ಟದ ಆಟಗಳನ್ನು ಬೇರೆ ಇಟ್ಟಿತು. ಕಾನೂನೇ ಆ ವ್ಯತ್ಯಾಸ ನೋಡಿದೆ. ರಮ್ಮಿಯಲ್ಲಿ ಸೋತವನಿಗೆ ಇನ್ನೊಂದು ಕೈ ಆಡುವ ಆಸೆ, ಅದಕ್ಕೆ ಕೊನೆ ಇಲ್ಲ. ಗ್ರ್ಯಾನಿಯಲ್ಲಿ ಐದು ದಿನ. ಐದನೇ ದಿನ ಮುಗಿದರೆ ಆಟ ಮುಗಿಯಿತು. ಗೆದ್ದರೂ ಸೋತರೂ ಮನೆಯ ದುಡ್ಡು ಮನೆಯಲ್ಲೇ ಇರುತ್ತೆ. ಮಗ ಯಾವ ಆಟ ಆಡುತ್ತಿದ್ದಾನೆ ಅಂತ ಒಮ್ಮೆ ಪಕ್ಕ ಕೂತು ನೋಡಿ, ಆಮೇಲೆ ಬೈಯಿರಿ.

ತೆಕ್ಕಲಕೋಟೆಯಲ್ಲಿ ಫೋನ್ ಜೇಬಿಗಿಟ್ಟ ತಮ್ಮಾ, ಇದು ನಿನ್ನ ಕಣ್ಣಿಗೆ ಬಿದ್ದರೆ ಒಂದು ಕೆಲಸ ಮಾಡು. ಹೊಸ ಫೋನು ತಗೊ ಅಂದ ಗೆಳೆಯನನ್ನು ರಾತ್ರಿ ಮನೆಗೆ ಕರಿ. ಡೇಟಾ ಆಫ್ ಮಾಡು, ಹಾರ್ಡ್ ಮೋಡ್ ಹಾಕು, ದೀಪ ಆರಿಸು, ಇಯರ್‌ಫೋನ್ ಅವನ ಕಿವಿಗೆ ಹಾಕು. ಆಮೇಲೆ ಅವನ ಕೈಗೆ ಹೂದಾನಿ ಸಿಗೋವರೆಗೂ ಸುಮ್ಮನೆ ಪಕ್ಕದಲ್ಲಿ ಕೂತಿರು.