ಹೆಣ್ಣುಮಕ್ಕಳಿಗೂ ಗುಡ್ಡೆ ಹತ್ತಲಿಕ್ಕಿದೆ

ಮನೆ ಹಿಂದೆಯೇ ಗುಡ್ಡೆ ಕಂಡು ಬೆಳೆದವರು ನಾವು. ಬೆಂಗಳೂರಲ್ಲಿ ಅಂಗಡಿ, ಹೋಟೆಲು ಅಂತ ನೆಲೆನಿಂತ ಮೇಲೆ ಮಕ್ಕಳ ಆದಿತ್ಯವಾರ ಮಾಲ್‌ಗೆ, ಇಲ್ಲದಿದ್ದರೆ ಮೊಬೈಲಿಗೆ ಹೋಯಿತು. ದೊಡ್ಡಬಳ್ಳಾಪುರ ತಾಲೂಕಿನ ಮಾಕಳಿದುರ್ಗ ನಗರದಿಂದ ಸುಮಾರು 60 ಕಿ.ಮೀ. ಅಷ್ಟೇ. ತುದಿಯಲ್ಲಿ ಹಳೇ ಕೋಟೆ, ಕೆಳಗೆ ರೈಲು ಹಳಿ. ಸುಬಹಿ ಮುಗಿಸಿ ಹೊರಟರೆ ಬಿಸಿಲು ಬಲಿಯುವ ಮೊದಲು ಹತ್ತಿಬಿಡಬಹುದು.

ನಮ್ಮ ಹುಡುಗರು ಈಗಲೂ ಬೈಕಿನಲ್ಲಿ ಹೋಗಿ ಬರುತ್ತಾರೆ. ತಂಗಿಯಂದಿರಿಗೆ ಸಿಗುವುದು ಅವರ ಸ್ಟೇಟಸ್ ಫೋಟೋ ಮಾತ್ರ. ಇದು ಯಾವ ನ್ಯಾಯ? ಉಪ್ಪ, ಉಮ್ಮ ಜೊತೆಗೆ ಹೋದರೆ ಅಡ್ಡಿ ಏನಿದೆ?

2024ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಕುಮಾರ ಪರ್ವತದಲ್ಲಿ ಜನ ಮುಗಿಬಿದ್ದ ಮೇಲೆ ಸರಕಾರ ಚಾರಣಕ್ಕೆ ಆನ್‌ಲೈನ್ ಬುಕ್ಕಿಂಗ್ ತಂದಿತು. ಆ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಜಾಲತಾಣವೂ ಬಂತು. "ಗುಡ್ಡೆ ಹತ್ತಲಿಕ್ಕೂ ಟಿಕೆಟಾ?" ಎಂದು ಗೊಣಗುವವರಿದ್ದಾರೆ. ನಮಗಂತೂ ಸರಿಯೆಂದೇ ಕಾಣುತ್ತದೆ. ನೂಕುನುಗ್ಗಲು ಇಲ್ಲದ ದಾರಿಯಲ್ಲಿ ಹೆಂಗಸರೂ ಮಕ್ಕಳೂ ನಿರಾಳವಾಗಿ ನಡೆಯಬಹುದು.

ಹಳಿಯ ಮೇಲೆ ನಡೆಯುವ, ಸೆಲ್ಫಿ ತೆಗೆಯುವ ಹುಚ್ಚು ಮಾತ್ರ ಬೇಡವೇ ಬೇಡ. ನೀರು ಮನೆಯಿಂದಲೇ ಒಯ್ಯಿರಿ, ಖಾಲಿ ಬಾಟಲಿ ವಾಪಸ್ ತನ್ನಿ.